ನಿಮ್ಮದು ಯಾವ ಪಳ್ಳಿ ಮಾರಾಯ್ರೆ?

ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಬೈಬಲ್ ನೋಡಿ, "ನಿಮ್ಮದು ಯಾವ ಪಳ್ಳಿ ಮಾರಾಯ್ರೆ?" ಅಂತ ಕೇಳಿದರು. ನಮ್ಮ ಕಾಸರಗೋಡಿನಲ್ಲಿ ಪಳ್ಳಿ ಅಂದರೆ ಮಸೀದಿಯೂ ಹೌದು, ಮಲಯಾಳ ಮಾತಾಡುವವರ ಬಾಯಲ್ಲಿ ಚರ್ಚೂ ಹೌದು. ಉತ್ತರ ಕೊಡುವಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತ ಮೇಲೆ ತಲೆ ಬಿಸಿಯಾಯಿತು. ಏನಂತ ಹೇಳುವುದು? ಹುಟ್ಟಿದ್ದು, ಹಿಂದೆ ಯುರೋಪಿನಿಂದ ಬಂದ ಬಾಸೆಲ್ ಮಿಶನ್ನಿಗೆ ಸೇರಿದ ಮನೆತನದಲ್ಲಿ. ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆದದ್ದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ದೇವಾಲಯದಲ್ಲಿ. ಆದಿತ್ಯವಾರ ಹೋಗುವುದು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ. ಗುರುವಾರ ಸಂಜೆ ಉಪ್ಪಳದ ಹತ್ತಿರ ನಮ್ಮ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಹದಿನೈದು ಜನರ ಪ್ರಾರ್ಥನಾ ಕೂಟ. ಇದರಲ್ಲಿ ನನ್ನ ಪಳ್ಳಿ ಯಾವುದು?

ಇದು ನನ್ನೊಬ್ಬನ ಫಜೀತಿ ಅಲ್ಲ. ಇವತ್ತು ಇವಾಂಜಲಿಕಲ್ ಅನ್ನಿಸಿಕೊಳ್ಳುವ ಕ್ರೈಸ್ತರು ಜಗತ್ತಿನ ಎಲ್ಲ ಕಡೆಯೂ ಇದೇ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಸಭೆ ಅಂದರೆ ಏನು, ಶಿಷ್ಯನಾಗುವುದು ಅಂದರೆ ಏನು, ಇವೆರಡಕ್ಕೂ ಸಂಬಂಧ ಇದೆಯಾ ಇಲ್ಲವಾ. ಕ್ರೈಸ್ತರಲ್ಲದ ಗೆಳೆಯರೂ ಆಗಾಗ ಕೇಳುತ್ತಾರೆ, "ನಿಮ್ಮಲ್ಲಿ ಯಾಕೆ ಇಷ್ಟೊಂದು ಬಗೆ?" ಅಂತ. ಹಾಗಾಗಿ ಕೂತು ಬರೆದದ್ದು ಇದು.

ಮೊದಲು ಪದಗಳ ಗೋಜಲು ಬಿಡಿಸೋಣ. ಬೇಳದ ಕಡೆಗೆ ಹೋದರೆ ಕೊಂಕಣಿ ಮಾತಾಡುವ ಕ್ಯಾಥೊಲಿಕರು ಇಗರ್ಜಿ ಅನ್ನುತ್ತಾರೆ. ರಾಜಪುರದ ಗುಡ್ಡದ ಕಡೆ, ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆಸಿದ ಸಿರಿಯನ್ ಕ್ರೈಸ್ತರು ಪಳ್ಳಿ ಅನ್ನುತ್ತಾರೆ. ನಾವು ಪ್ರೊಟೆಸ್ಟೆಂಟರು ಕಟ್ಟಡಕ್ಕೆ ದೇವಾಲಯ ಅಂತಲೂ ಅಲ್ಲಿ ಸೇರುವ ಜನಕ್ಕೆ ಸಭೆ ಅಂತಲೂ ಹೇಳುತ್ತೇವೆ. ಇಂಗ್ಲಿಷಿನ ಚರ್ಚ್ ಎಲ್ಲರ ಬಾಯಲ್ಲೂ ಇದೆ. ಇಗರ್ಜಿ ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಪದ. ಅದರ ಹಿಂದೆ ಲ್ಯಾಟಿನ್, ಅದರ ಹಿಂದೆ ಗ್ರೀಕಿನ ಎಕ್ಲೇಸಿಯಾ. ಚರ್ಚ್ ಅನ್ನುವುದು ಬೇರೊಂದು ಗ್ರೀಕ್ ಪದದಿಂದ ಬಂದದ್ದು. ಅದಕ್ಕೆ ಕರ್ತನಿಗೆ ಸೇರಿದ್ದು ಅಂತ ಅರ್ಥ. ಈ ಎರಡು ಬೇರುಗಳೊಳಗೇ ಒಂದು ಜಗಳ ಅಡಗಿದೆ ನೋಡಿ. ಒಂದು ಜಾಗದ ಕಡೆ ಎಳೆಯುತ್ತದೆ, ಇನ್ನೊಂದು ಜನರ ಕಡೆ.

ಎಕ್ಲೇಸಿಯಾ ಅಂದರೆ ಹಳೆಯ ಅಥೆನ್ಸಿನಲ್ಲಿ ಪೌರರ ಸಭೆ. ಯುದ್ಧ ಬೇಕಾ ಬೇಡವಾ, ಯಾವ ಕಾನೂನು ಮಾಡುವುದು, ಇಂಥದ್ದನ್ನೆಲ್ಲ ತೀರ್ಮಾನ ಮಾಡುವ ಜಾಗ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದವರ ಹತ್ತಿರ ದೇವಸ್ಥಾನಕ್ಕೆ ಬೇಕಾದಷ್ಟು ಪದಗಳಿದ್ದವು. ತಮ್ಮ ಗುಂಪಿಗೆ ಹೆಸರಿಡುವಾಗ ಅದು ಯಾವುದನ್ನೂ ಎತ್ತಿಕೊಳ್ಳದೆ, ನಮ್ಮ ಪಂಚಾಯತಿನ ಗ್ರಾಮಸಭೆಯ ಹಾಗೆ ಕೇಳಿಸುವ ಈ ಪದವನ್ನು ತೆಗೆದುಕೊಂಡರು. ಕನ್ನಡ ಬೈಬಲಿನ ಭಾಷಾಂತರಕಾರರು ಅದಕ್ಕೆ ಸಭೆ ಅಂತ ಇಟ್ಟದ್ದು ಬಹಳ ಒಳ್ಳೆಯ ಆಯ್ಕೆ ಅಂತ ನನಗೆ ಅನ್ನಿಸುತ್ತದೆ. ಸಭೆಗೆ ಛಾವಣಿ ಬೇಕು ಅಂತಿಲ್ಲ, ಮರದ ಕೆಳಗೂ ನಡೆಯುತ್ತದೆ. ಆದರೆ ಜನ ಇಲ್ಲದೆ ನಡೆಯುವುದಿಲ್ಲ. ಇನ್ನೊಂದು ಸಂಗತಿ: ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಈ ಪದ ಬರುವುದು ಮತ್ತಾಯನಲ್ಲಿ ಮಾತ್ರ, ಅದೂ ಎರಡೇ ಕಡೆ, 16ನೇ ಅಧ್ಯಾಯದಲ್ಲಿ ಮತ್ತು 18ರಲ್ಲಿ. ಈ 18ನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇನ್ನು ಇವಾಂಜಲಿಕಲ್ ಅಂದರೆ ಯಾರು? ಸುವಾರ್ತೆಗೆ ಗ್ರೀಕಿನಲ್ಲಿ ಇರುವ ಪದದಿಂದಲೇ ಈ ಹೆಸರು ಬಂದಿದೆ. ಇದು ಒಂದು ಪಂಗಡದ ಹೆಸರಲ್ಲ, ಒಂದು ಗುಣದ ಹೆಸರು. ಸಿ.ಎಸ್.ಐ.ಯಲ್ಲೂ ಇಂಥವರು ಇದ್ದಾರೆ, ಬ್ರದರನ್‌ನವರಲ್ಲೂ, ಬ್ಯಾಪ್ಟಿಸ್ಟರಲ್ಲೂ, ಪೆಂತೆಕೊಸ್ತಿನವರಲ್ಲೂ. ನಮ್ಮೂರಲ್ಲಿ ಸುಮ್ನೆ 'ವಿಶ್ವಾಸಿಗಳು' ಅಂತಾರೆ, ಇಲ್ಲವಾದರೆ 'ಪ್ರಾರ್ಥನೆಯವರು'. ಡೇವಿಡ್ ಬೆಬಿಂಗ್ಟನ್ ಎಂಬ ಇತಿಹಾಸಕಾರರು 1989ರಲ್ಲಿ ಇವರನ್ನು ಗುರುತಿಸಲು ನಾಲ್ಕು ಲಕ್ಷಣ ಕೊಟ್ಟರು. ಎಲ್ಲದಕ್ಕೂ ಬೈಬಲೇ ಆಧಾರ ಅನ್ನುವುದು. ಯೇಸುವಿನ ಶಿಲುಬೆಯ ಮರಣವೇ ಎಲ್ಲದರ ನಡುಗಂಬ ಅನ್ನುವುದು. ಪ್ರತಿಯೊಬ್ಬನೂ ತಾನೇ ತಿರುಗಿಕೊಳ್ಳಬೇಕು, ಅಪ್ಪ ಅಮ್ಮನ ನಂಬಿಕೆ ಸಾಲದು ಅನ್ನುವುದು. ನಂಬಿದ ಮೇಲೆ ಸುಮ್ಮನೆ ಕೂರಬಾರದು, ಸಾರಬೇಕು, ಸೇವೆ ಮಾಡಬೇಕು ಅನ್ನುವುದು. ಇವತ್ತಿಗೂ ಹೆಚ್ಚಿನವರು ಈ ನಾಲ್ಕನ್ನೇ ಬಳಸುತ್ತಾರೆ.

ಈಗ ಈ ನಾಲ್ಕನ್ನು ಇನ್ನೊಂದು ಸಲ ಓದಿ. ಏನು ಕಾಣೆಯಾಗಿದೆ? ಸಭೆಯೇ ಇಲ್ಲ! ನಾಲ್ಕೂ ಲಕ್ಷಣ ಇರುವ ಮನುಷ್ಯ ಕಾಸರಗೋಡಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಬೈಬಲ್ ಓದಿ, ಫೋನಿನಲ್ಲಿ ಪ್ರಸಂಗ (ಸಭೆಯ ಉಪದೇಶ) ಕೇಳಿ, ಕರಪತ್ರ ಹಂಚಿ ಬದುಕಬಹುದು. ಇದು ಬೆಬಿಂಗ್ಟನ್ ಅವರ ತಪ್ಪಲ್ಲ. ಅವರು ಕಂಡದ್ದನ್ನು ಬರೆದರು.

ಹೀಗಾದದ್ದಕ್ಕೆ ಚರಿತ್ರೆಯಲ್ಲಿ ಕಾರಣ ಇದೆ, ಅದರ ಒಂದು ಎಳೆ ನಮ್ಮ ಕರಾವಳಿಗೂ ಬಂದು ಮುಟ್ಟುತ್ತದೆ. 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಸಭಾಪಾಲಕರು ತಮ್ಮ ಮನೆಯಲ್ಲಿ ಕೂಟ ಶುರು ಮಾಡಿದರು. ಆಗ ಅಲ್ಲಿ ಊರಿನವರೆಲ್ಲ ಹುಟ್ಟಿನಿಂದಲೇ ಕ್ರೈಸ್ತರು, ಚರ್ಚು ಸರಕಾರದ್ದೇ ಒಂದು ಇಲಾಖೆಯ ಹಾಗೆ. ಸ್ಪೇನರ್ ಹೇಳಿದ್ದು, ಸಭೆ ಬಿಟ್ಟು ಹೋಗಬೇಡಿ, ಅದರೊಳಗೇ ಒಂದು ಪುಟ್ಟ ಸಭೆ ಮಾಡಿಕೊಳ್ಳಿ, ಕೂತು ಓದಿ, ಒಬ್ಬರ ಬದುಕನ್ನು ಇನ್ನೊಬ್ಬರು ವಿಚಾರಿಸಿ ಅಂತ. ಇದಕ್ಕೆ ಪಯೆಟಿಸಂ ಅಂತ ಹೆಸರು ಬಂತು, ಭಕ್ತಿಪಂಥ ಅನ್ನಬಹುದು. ಇದು ಗಟ್ಟಿಯಾಗಿ ಬೇರು ಬಿಟ್ಟದ್ದು ವೂರ್ಟೆಂಬರ್ಗ್ ಪ್ರಾಂತದ ಹಳ್ಳಿಗಳಲ್ಲಿ. ಬಾಸೆಲ್ ಮಿಶನ್ 1815ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಾದರೂ ಅದಕ್ಕೆ ಜನ ಬಂದದ್ದು ಜಾಸ್ತಿ ಇದೇ ವೂರ್ಟೆಂಬರ್ಗಿನಿಂದ. 1834ರಲ್ಲಿ ಮಂಗಳೂರಿಗೆ ಬಂದವರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್, 1894ರಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟೆಲ್, ಎಲ್ಲರೂ ಈ ಮನೆಕೂಟದ ಗಾಳಿ ಕುಡಿದ ಮಿಶನ್ನಿನವರೇ. ಆಗ ಕಾಸರಗೋಡು, ಮಂಗಳೂರು ಎರಡೂ ಒಂದೇ ಜಿಲ್ಲೆ, ಮದ್ರಾಸಿನ ಆಡಳಿತ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರ ಗಡಿ ಇನ್ನೂ ಯಾರ ಕನಸಲ್ಲೂ ಇರಲಿಲ್ಲ.

ಹಾಗಾಗಿ ದೊಡ್ಡಮ್ಮನ ಚಾವಡಿಯ ಗುರುವಾರದ ಕೂಟವನ್ನು ನೋಡಿ ಯಾರಾದರೂ "ಇದೆಲ್ಲ ಹೊಸ ಫ್ಯಾಶನ್" ಅಂದರೆ ನನಗೆ ನಗು ಬರುತ್ತದೆ. ಅದಕ್ಕೆ ಮುನ್ನೂರೈವತ್ತು ವರ್ಷ ದಾಟಿದೆ.

ಇಂಗ್ಲೆಂಡಿನ ಕಥೆ ಇನ್ನೂ ಮಜವಾಗಿದೆ. ಜಾನ್ ವೆಸ್ಲಿ ಎಂಬ ಬೋಧಕರ ಹಿಂದೆ ಬಂದ ಮೆಥೊಡಿಸ್ಟರು ಬ್ರಿಸ್ಟಲಿನಲ್ಲಿ ಕೂಟಕ್ಕೆ ಒಂದು ಮನೆ ಕಟ್ಟಿ ಸಾಲ ಮಾಡಿಕೊಂಡಿದ್ದರು. 1742ರಲ್ಲಿ ಸಾಲ ತೀರಿಸುವುದು ಹೇಗೆ ಅಂತ ಮಾತು ಬಂದಾಗ ಒಬ್ಬರು ಉಪಾಯ ಹೇಳಿದರು. ಜನರನ್ನು ಹನ್ನೆರಡು ಹನ್ನೆರಡರಂತೆ ಹಂಚೋಣ, ಪ್ರತಿ ಗುಂಪಿಗೆ ಒಬ್ಬ ಮುಂದಾಳು, ಅವನು ವಾರವಾರ ಮನೆಗೆ ಹೋಗಿ ತಲೆಗೆ ಒಂದು ಪೆನ್ನಿ ಎತ್ತಲಿ. ಹಣ ಎತ್ತಲು ಹೋದವರಿಗೆ ಮನೆಯೊಳಗಿನ ಸಂಗತಿ ಕಾಣಿಸಿತು. ಒಬ್ಬ ಕುಡಿದು ಬಿದ್ದಿದ್ದಾನೆ, ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಜಗಳ. ವೆಸ್ಲಿಗೆ ಹೊಳೆಯಿತು, ನಮಗೆ ಬೇಕಾದದ್ದು ಇದೇ ಅಲ್ವಾ ಅಂತ. ಆಮೇಲೆ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಟ್ಟಿಗೆ ಸೇರುವ ಪದ್ಧತಿ ಬಂತು. ಕೇರಳದಲ್ಲಿರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹೆಂಗಸರ ಉಳಿತಾಯ ಗುಂಪಾದ ಕುಟುಂಬಶ್ರೀಯ ವಾರದ ಸಭೆಗೆ ಹೋದ ಯಾವ ಹೆಂಗಸಿಗಾದರೂ ಗೊತ್ತು, ಉಳಿತಾಯದ ಹಣ ಕಟ್ಟುವ ಹೊತ್ತಿನಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ತಾನಾಗಿಯೇ ಹೊರಬರುತ್ತದೆ.

ಆದರೆ ಇದೇ ಚಳವಳಿಯಲ್ಲಿ ಇನ್ನೊಂದು ಸೆಳೆತವೂ ಇತ್ತು. ಜಾರ್ಜ್ ವಿಟ್‌ಫೀಲ್ಡ್ ಬಯಲಿನಲ್ಲಿ ನಿಂತು ಸಾವಿರಾರು ಜನಕ್ಕೆ ಪ್ರಸಂಗ ಮಾಡಿದರು. ಕೇಳುವವರು ಯಾವ ಸಭೆಯವರು ಅನ್ನುವುದು ಅಲ್ಲಿ ಮುಖ್ಯ ಅಲ್ಲ. ನೀನು ಇವತ್ತು ತೀರ್ಮಾನ ಮಾಡಿದೆಯಾ ಅನ್ನುವುದೇ ಮುಖ್ಯ. ಹೋಗುತ್ತ ಹೋಗುತ್ತ ಈ ಎರಡನೆಯ ಸೆಳೆತವೇ ಗೆದ್ದಿತು. ದೊಡ್ಡ ಮೈದಾನ, ದೊಡ್ಡ ಮೈಕು, ಕೊನೆಗೆ ಕೈ ಎತ್ತಿ ಅನ್ನುವುದು. ಕೈ ಎತ್ತಿದವರ ಲೆಕ್ಕ ಬರೆದುಕೊಳ್ಳುತ್ತಾರೆ. ಮರುದಿನ ಅವರ ಮನೆಗೆ ಯಾರು ಹೋದರು? ಅದು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಶಿಷ್ಯ ಅನ್ನುವ ಪದಕ್ಕೆ ಬರೋಣ. ಗ್ರೀಕಿನಲ್ಲಿ ಅದಕ್ಕೆ ಕಲಿಯುವವನು ಅಂತ ಅರ್ಥ. ಸುವಾರ್ತೆಗಳಲ್ಲೂ ಅವುಗಳ ನಂತರ ಬರುವ 'ಅಪೊಸ್ತಲರ ಕೃತ್ಯಗಳು' ಎಂಬ ಪುಸ್ತಕದಲ್ಲೂ ಸೇರಿ 250ಕ್ಕೂ ಹೆಚ್ಚು ಸಲ ಬರುತ್ತದೆ. ಕ್ರೈಸ್ತ ಅನ್ನುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ. ಅದು ಕೂಡ ಅಂತಿಯೋಕ್ಯ ಪಟ್ಟಣದಲ್ಲಿ ಶಿಷ್ಯರಿಗೆ ಬಿದ್ದ ಹೆಸರು. ಮತ್ತಾಯನ ಕೊನೆಯಲ್ಲಿ ಯೇಸು ಕೊಡುವ ಆಜ್ಞೆಯನ್ನು ನಾವು ಚಿಕ್ಕಂದಿನಿಂದ 'ಹೋಗಿರಿ, ಸಾರಿರಿ' ಅಂತ ಕೇಳಿದ್ದೇವೆ. ಗ್ರೀಕ್ ಮೂಲದಲ್ಲಿ ಆಜ್ಞೆಯ ರೂಪದ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಹೋಗುತ್ತ, ದೀಕ್ಷಾಸ್ನಾನ ಕೊಡುತ್ತ, ಕಲಿಸುತ್ತ ಅನ್ನುವುದೆಲ್ಲ ಅದಕ್ಕೆ ಜೋಡಿಸಿದ ತುಂಡುಗಳು. ಕಲಿಸುವುದು ಕೂಡ ತಿಳಿಯುವುದಕ್ಕೆ ಅಲ್ಲ, ಪಾಲಿಸುವುದಕ್ಕೆ.

ಕಾಸರಗೋಡಿನವರಿಗೆ ಇದನ್ನು ಹೇಳಲು ಯಕ್ಷಗಾನಕ್ಕಿಂತ ಒಳ್ಳೆಯ ದಾರಿ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಅಲ್ವಾ ಇರುವುದು. ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನಲ್ಲಿ ಹುಡುಗನೊಬ್ಬ ವೇಷಧಾರಿ ಆಗುವುದು ಹೇಗೆ? ಆಟದ ಪ್ರಸಂಗದ ಪುಸ್ತಕ ಓದಿ ಅಲ್ಲ. ಮೇಳದ ಜೊತೆ ತಿರುಗಬೇಕು. ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಕೂತು ಹಿರಿಯರು ಮುಖಕ್ಕೆ ಬಣ್ಣ ಹಾಕುವುದನ್ನು ನೋಡಬೇಕು, ನೀರು ತಂದುಕೊಡಬೇಕು, ಕಟ್ಟು ಬಿಗಿಯಬೇಕು. ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ. ಜನ ಇನ್ನೂ ಬಂದು ಕೂತಿರದ ಹೊತ್ತಿನಲ್ಲಿ ಕುಣಿಯಬೇಕು. ತಾಳ ತಪ್ಪಿದರೆ ಭಾಗವತರ ಒಂದು ನೋಟ ಸಾಕು. ವರ್ಷಗಟ್ಟಲೆ ಹೀಗೆ ಕಳೆದ ಮೇಲೆ ಒಂದು ದಿನ ದೊಡ್ಡ ವೇಷದವರಿಗೆ ಜ್ವರ ಬರುತ್ತದೆ, "ನೀನು ಹೋಗು" ಅನ್ನುತ್ತಾರೆ. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿದ್ದನ್ನು ಮಾರ್ಕನ ಸುವಾರ್ತೆ ಹೇಳುವುದೂ ಇದೇ ಕ್ರಮದಲ್ಲಿ. ಮೊದಲು ತನ್ನ ಜೊತೆಯಲ್ಲಿ ಇರುವುದಕ್ಕೆ, ಆಮೇಲೆ ಕಳಿಸುವುದಕ್ಕೆ. (ನನ್ನ ಅಜ್ಜ ಬಾಸೆಲ್ ಮಿಶನ್ನಿನ ಕಟ್ಟುನಿಟ್ಟಿನವರು, ಆಟ ನೋಡುವುದು ಮನೆಯಲ್ಲಿ ನಿಷಿದ್ಧ. ಆದರೂ ಗದ್ದೆಯ ಹುಣಿಯಲ್ಲಿ ಕತ್ತಲೆಗೆ ನಿಂತು ಬೆಳಗಿನ ತನಕ ನೋಡಿ ಬರುತ್ತಿದ್ದರಂತೆ. ಅಜ್ಜಿ ಹೇಳಿದ್ದು.)

ಈಗಿನ ಹೆಚ್ಚಿನ ಸಭೆಗಳಲ್ಲಿ ನಮಗೆ ಚೌಕಿ ಇಲ್ಲ, ರಂಗಸ್ಥಳದ ಎದುರಿನ ಕುರ್ಚಿ ಮಾತ್ರ ಇದೆ. ಪಾಸ್ಟರ್ ಒಳ್ಳೆಯ ಪ್ರಸಂಗ ಮಾಡಿದರು, ಹಾಡು ಚೆನ್ನಾಗಿತ್ತು, ಮನೆಗೆ ಬಂದೆವು. ಇಪ್ಪತ್ತು ವರ್ಷ ಆಟ ನೋಡಿದವನು ವೇಷಧಾರಿ ಆಗುವುದಿಲ್ಲ, ಒಳ್ಳೆಯ ಪ್ರೇಕ್ಷಕ ಆಗುತ್ತಾನೆ. ಅಮೆರಿಕದ ಶಿಕಾಗೋ ಹತ್ತಿರ ವಿಲೋ ಕ್ರೀಕ್ ಅನ್ನುವ ಬಹಳ ದೊಡ್ಡ ಸಭೆ ಇದೆ. 1975ರಲ್ಲಿ ಶುರುವಾದದ್ದು, ಅದನ್ನು ನೋಡಿ ಜಗತ್ತಿನ ಎಷ್ಟೋ ಸಭೆಗಳು ತಮ್ಮ ಆದಿತ್ಯವಾರದ ಆರಾಧನೆಯ ಕ್ರಮವನ್ನು ಬದಲಾಯಿಸಿಕೊಂಡವು. ಅವರೇ ತಮ್ಮ ಜನರನ್ನು ಸಮೀಕ್ಷೆ ಮಾಡಿ 2007ರಲ್ಲಿ ಒಪ್ಪಿಕೊಂಡರು: ಸಭೆಯ ಕಾರ್ಯಕ್ರಮಗಳಿಗೆ ಜಾಸ್ತಿ ಬರುವವರು ಅಷ್ಟಕ್ಕೇ ನಂಬಿಕೆಯಲ್ಲಿ ಬೆಳೆಯುತ್ತಾರೆ ಅನ್ನುವ ಲೆಕ್ಕ ತಪ್ಪು ಅಂತ. ಒಪ್ಪಿಕೊಂಡದ್ದು ದೊಡ್ಡ ಮಾತು. ನಮ್ಮಲ್ಲಿ ಯಾರೂ ಅಳೆಯಲಿಕ್ಕೇ ಹೋಗುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಒಂದು ದೊಡ್ಡ ಸಭೆಗೆ ಹೋಗುತ್ತಿದ್ದೆ, ಹೆಸರು ಬೇಡ. ಅಮ್ಮನಿಗೆ ಹುಷಾರಿಲ್ಲದೆ ಎಂಟು ತಿಂಗಳು ಹೋಗಲಾಗಲಿಲ್ಲ. ಎಂಟು ತಿಂಗಳಲ್ಲಿ ಒಂದು ಫೋನು ಬರಲಿಲ್ಲ. ವಾಟ್ಸ್ಯಾಪಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ವಚನ ಬರುತ್ತಿತ್ತು, ಹೂವಿನ ಚಿತ್ರದ ಜೊತೆ. ಮತ್ತೆ ಹೋದ ದಿನ ಬಾಗಿಲಲ್ಲಿ ನಿಂತಿದ್ದ ಯುವಕ ನಗುತ್ತ ಕೈ ಕುಲುಕಿ, "ಮೊದಲ ಸಲ ಬರ್ತಿದ್ದೀರಾ ಬ್ರದರ್?" ಅಂದ. ಪಾಪ, ಅವನು ಹೊಸಬ. ಸಿಟ್ಟು ಬರಲಿಲ್ಲ, ಆದರೆ ಒಳಗೆ ಏನೋ ಕಳಚಿಬಿತ್ತು. ನಾನೂ ಅಲ್ಲಿ ಎಷ್ಟು ಜನರನ್ನು ವಿಚಾರಿಸಿದ್ದೆ ಹೇಳಿ? ಪಕ್ಕದಲ್ಲೇ ಕೂರುತ್ತಿದ್ದವರ ಹೆಸರೂ ನನಗೆ ಗೊತ್ತಿರಲಿಲ್ಲ.

ಸಭೆ ಅಂದರೆ ಯಾರು ಅನ್ನುವ ವಿಷಯದಲ್ಲಿ ನಮ್ಮೊಳಗೆ ಒಂದು ದೊಡ್ಡ ಬಿರುಕೂ ಇದೆ. ಅದನ್ನು ತಿಳಿಯದೆ ಮುಂದೆ ಹೋಗಲಾಗದು. ಸಿ.ಎಸ್.ಐ.ಯಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಮಗು ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದೆ, ಮನೆಯೇ ಅದನ್ನು ಬೆಳೆಸುತ್ತದೆ, ದೊಡ್ಡದಾದ ಮೇಲೆ ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳುತ್ತದೆ. ಬ್ರದರನ್, ಬ್ಯಾಪ್ಟಿಸ್ಟ್, ಪೆಂತೆಕೊಸ್ತಿನವರು ಇದನ್ನು ಒಪ್ಪುವುದಿಲ್ಲ. ಮೊದಲು ನಂಬಿಕೆ, ಆಮೇಲೆ ನೀರು, ಅದೂ ಪೂರ್ತಿ ಮುಳುಗಿ. ಮೇಲೆ ನೋಡಿದರೆ ಇದು ನೀರು ಎಷ್ಟು ಅನ್ನುವ ಜಗಳದ ಹಾಗೆ ಕಾಣುತ್ತದೆ. ಒಳಗಿರುವುದು ಬೇರೆ ಪ್ರಶ್ನೆ. ಸಭೆ ಒಂದು ಕುಟುಂಬವಾ, ಹುಟ್ಟಿನಿಂದಲೇ ಸೇರುವಂಥದ್ದು? ಅಥವಾ ಒಂದು ಸೈನ್ಯವಾ, ತಾನೇ ಬಂದು ಹೆಸರು ಬರೆಸಬೇಕಾದದ್ದು?

1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನಲ್ಲಿ ಕೆಲವು ಯುವಕರು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಎಲ್ಲರೂ ಶಿಶುಗಳಾಗಿದ್ದಾಗಲೇ ದೀಕ್ಷಾಸ್ನಾನ ಆದವರು. ಆ ಊರಿನಲ್ಲಿ ಶಿಶುವಿಗೆ ದೀಕ್ಷಾಸ್ನಾನ ಆಗುವುದು ಅಂದರೆ ಊರಿನ ಪ್ರಜೆಯಾಗಿ ಸೇರುವುದೂ ಹೌದು. ಹಾಗಾಗಿ ಇದು ರಾಜದ್ರೋಹದ ಹಾಗೆ ಕಂಡಿತು. ಅವರಲ್ಲಿ ಒಬ್ಬರಾದ ಫೆಲಿಕ್ಸ್ ಮಾಂಟ್ಸ್ ಅವರನ್ನು 1527ರಲ್ಲಿ ಅಲ್ಲಿನ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಪ್ರೊಟೆಸ್ಟೆಂಟರೇ. ನನ್ನ ಚಿಕ್ಕಮ್ಮನ ಮಗ ಚಂದ್ರಗಿರಿ ಹೊಳೆಯಲ್ಲಿ ಮುಳುಗಿ ಎದ್ದಾಗ ನಮ್ಮ ಮನೆಯಲ್ಲಿ ಎರಡು ವರ್ಷ ಮಾತುಕತೆ ಇರಲಿಲ್ಲ. "ಹಾಗಾದರೆ ನಾವು ಚಿಕ್ಕಂದಿನಲ್ಲಿ ಕೊಡಿಸಿದ್ದು ಸುಳ್ಳಾ?" ಅನ್ನುವುದು ಚಿಕ್ಕಮ್ಮನ ಪ್ರಶ್ನೆ. ಈಗ ಎಲ್ಲ ಸರಿಹೋಗಿದೆ, ಕ್ರಿಸ್ಮಸ್ಸಿಗೆ ಎರಡೂ ಕಡೆಯವರು ಕುಸ್ವಾರ್ (ಹಬ್ಬದ ತಿಂಡಿ) ಕೊಟ್ಟುಕೊಳ್ಳುತ್ತಾರೆ. ಯಾರು ಸರಿ ಅಂತ ನಾನು ತೀರ್ಪು ಕೊಡಲು ಹೋಗುವುದಿಲ್ಲ. ಇಷ್ಟು ಹೇಳುತ್ತೇನೆ. ಕುಟುಂಬ ಅನ್ನುವವರು ಮಕ್ಕಳಿಗೆ ಏನೂ ಕಲಿಸದೆ ಬಿಟ್ಟರೆ, ಸೈನ್ಯ ಅನ್ನುವವರು ಹೆಸರು ಬರೆಸಿಕೊಂಡು ಕವಾಯತು ಮಾಡಿಸದೆ ಬಿಟ್ಟರೆ, ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಬಾಸೆಲ್ ಮಿಶನ್ನಿನವರು ಇನ್ನೊಂದು ಪಾಠ ಕಷ್ಟಪಟ್ಟು ಕಲಿತರು. ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಮನೆ ಹೋಯಿತು, ಜಾತಿಯ ಕಸುಬು ಹೋಯಿತು, ಗೇಣಿ ಭೂಮಿಯೂ ಹೋಗುತ್ತಿತ್ತು. ಅವನಿಗೆ ಬರೀ ಪ್ರಾರ್ಥನೆ ಕಲಿಸಿದರೆ ರಾತ್ರಿ ಊಟಕ್ಕೆ ಏನು? ಹಾಗಾಗಿ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆ. ಸಭೆ ಅಂದರೆ ಆಗ ಕೆಲಸ, ಶಾಲೆ, ಮನೆ, ಮದುವೆ, ಸ್ಮಶಾನ ಎಲ್ಲವೂ. ಇದರಲ್ಲಿ ತೊಂದರೆಯೂ ಇತ್ತು. ಸಂಬಳ ಕೊಡುವ ದೊರೆಯೇ ಸಭಾಪಾಲಕನೂ ಆದರೆ ಅವನ ಮುಂದೆ ಯಾರು ಬಾಯಿ ಬಿಡುತ್ತಾರೆ? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧಿಸಿ ಹೊರಗೆ ಕಳಿಸಿದರು, ಕಾರ್ಖಾನೆಗಳು ಬೇರೆ ಕೈ ಸೇರಿದವು. ಸಭೆ ಮಾತ್ರ ಉಳಿಯಿತು. ಅದನ್ನು ಉಳಿಸಿದ್ದು ಇಲ್ಲಿನ ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು, ಹಾಡು ಬಾಯಿಪಾಠ ಬರುತ್ತಿದ್ದ ಹೆಂಗಸರು.

ಈಗ ನನಗೆ ಬಹಳ ಇಷ್ಟವಾದ ಭಾಗ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನಾ ಬಡ ವಿಧವೆಯರಿಗೆ ಊಟ ಹಂಚುತ್ತಿದ್ದರು. ಅಲ್ಲಿ ಎರಡು ಭಾಷೆಯವರಿದ್ದರು, ಊರಿನ ಭಾಷೆಯವರು ಮತ್ತು ಗ್ರೀಕ್ ಮಾತಾಡುವ ಯೆಹೂದ್ಯರು. ಗ್ರೀಕಿನವರ ವಿಧವೆಯರಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಅಂದರೆ ಕ್ರೈಸ್ತ ಸಭೆ ಶುರುವಾಗಿ ಸ್ವಲ್ಪ ದಿನಕ್ಕೇ ಭಾಷೆಯ ತಕರಾರು! ಕಾಸರಗೋಡಿನ ಕನ್ನಡಿಗನಿಗೆ ಇದನ್ನು ಓದಿದರೆ ಹೇಗೆ ಅನ್ನಿಸಬಹುದು ಊಹಿಸಿ. ಅರ್ಜಿ ಫಾರಂ ಯಾವ ಭಾಷೆಯಲ್ಲಿದೆ, ಬಸ್ಸಿನ ಬೋರ್ಡು ಯಾವ ಭಾಷೆಯಲ್ಲಿದೆ ಅಂತ ನೋಡಿಕೊಂಡೇ ಬೆಳೆದವರು ನಾವು. ಅಪೊಸ್ತಲರು ಏನು ಮಾಡಿದರು? "ನಾವೆಲ್ಲ ಕ್ರಿಸ್ತನಲ್ಲಿ ಒಂದೇ, ಸುಮ್ಮನಿರಿ" ಅನ್ನಲಿಲ್ಲ. ಗ್ರೀಕಿನವರಿಗೆ ಬೇರೆ ಸಭೆ ಮಾಡಿಕೊಳ್ಳಿ ಅಂತಲೂ ಹೇಳಲಿಲ್ಲ. ಏಳು ಜನರನ್ನು ಆರಿಸಿ ಊಟದ ಕೆಲಸ ಕೊಟ್ಟರು. ಆ ಏಳು ಹೆಸರುಗಳನ್ನು ಓದಿ ನೋಡಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ಎಲ್ಲ ಗ್ರೀಕ್ ಹೆಸರುಗಳೇ. ದೂರು ಯಾರದ್ದೋ ಅವರ ಕೈಗೇ ಸೌಟು ಕೊಟ್ಟರು.

ಇದರ ಎದುರಿಗೆ ಇನ್ನೊಂದು ವಾದ ಇದೆ. ಡೊನಾಲ್ಡ್ ಮೆಕ್‌ಗಾವ್ರನ್ ಅಂತ ಒಬ್ಬರು, 1897ರಲ್ಲಿ ನಮ್ಮ ಮಧ್ಯಪ್ರದೇಶದ ದಮೋಹದಲ್ಲೇ ಹುಟ್ಟಿದ ಮಿಶನರಿ. ಅವರು ಗಮನಿಸಿದ್ದು, ಜನ ಭಾಷೆ, ಜಾತಿ, ವರ್ಗದ ಗೋಡೆ ದಾಟಬೇಕಾಗದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ ಅಂತ. ಹಾಗಾದರೆ ಅಂಥವರಿಗೆ ಅವರದೇ ಸಭೆ ಮಾಡಿ, ಬೇಗ ಬೆಳೆಯುತ್ತದೆ. ಕಂಡದ್ದು ನಿಜವೇ. ನಮ್ಮಲ್ಲೂ ಮಲಯಾಳಂ ಆರಾಧನೆಗೆ ಒಂದು ಗುಂಪು, ಕನ್ನಡಕ್ಕೆ ಒಂದು, ಕೊಂಕಣಿಗೆ ಇನ್ನೊಂದು. ಮನಸ್ಸು ಬಿಚ್ಚಿ ಅಳುವುದು, ಪ್ರಾರ್ಥಿಸುವುದು ತಾಯಿನುಡಿಯಲ್ಲೇ ಅಲ್ವಾ, ಅದರಲ್ಲಿ ತಪ್ಪಿಲ್ಲ. ಆದರೆ ಇದೇ ತರ್ಕವನ್ನು ಜಾತಿಗೆ ಹಚ್ಚಿದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಸುಮಾರು 150 ದೇಶಗಳ ಇವಾಂಜಲಿಕಲರು ಸೇರಿದ್ದರು. ಅಲ್ಲಿ ದಕ್ಷಿಣ ಅಮೆರಿಕದ ರೆನೆ ಪಡಿಯ್ಯ, ಸಾಮುವೇಲ್ ಎಸ್ಕೊಬಾರ್ ನೇರವಾಗಿ ಕೇಳಿದರು, ನೀವು ಸಾರುವುದು ಪೂರ್ತಿ ಸುವಾರ್ತೆಯಾ, ಬಡವರ ನ್ಯಾಯದ ಮಾತು ಎಲ್ಲಿ ಅಂತ. ಆಮೇಲೆ ಪಡಿಯ್ಯ ಮೆಕ್‌ಗಾವ್ರನ್ ಅವರ ಈ ತತ್ವವನ್ನೂ ಖಂಡಿಸಿ ಬರೆದರು. ಯೇಸುವಿನ ಹನ್ನೆರಡು ಜನರಲ್ಲಿ ರೋಮಿನ ಆಡಳಿತಕ್ಕೆ ಒಗ್ಗಿಕೊಂಡ ಸುಂಕದ ಮತ್ತಾಯನೂ ಇದ್ದ, ಮತಾಭಿಮಾನಿ ಅಂತ ಹೆಸರಾದ ಸೀಮೋನನೂ ಇದ್ದ. ಅವರಿಬ್ಬರು ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವಾಗ ಏನು ಮಾತಾಡುತ್ತಿದ್ದರೋ!

ಕೃಪೆಯ ಮಾತೂ ಇಲ್ಲೇ ಬರುತ್ತದೆ. ರಕ್ಷಣೆ ಕೃಪೆಯಿಂದ, ನಮ್ಮ ಕೆಲಸದಿಂದಲ್ಲ, ಇದು ಇವಾಂಜಲಿಕಲರ ಜೀವಾಳ. ಹಾಗಾದರೆ ಶಿಷ್ಯತ್ವ ಯಾಕೆ ಬೇಕು, ಟಿಕೇಟು ಸಿಕ್ಕಿದ ಮೇಲೆ ಸೀಟಲ್ಲಿ ಕೂತರಾಯಿತಲ್ಲ? ಜರ್ಮನಿಯಲ್ಲಿ ಹಿಟ್ಲರನ ಕಾಲದಲ್ಲಿ, ಅವನನ್ನು ವಿರೋಧಿಸಿದ ಸಭಾಪಾಲಕ ಡೀಟ್ರಿಚ್ ಬಾನ್‌ಹಾಫರ್ ಇದಕ್ಕೆ 'ಅಗ್ಗದ ಕೃಪೆ' ಅಂತ ಹೆಸರಿಟ್ಟರು. ಶಿಷ್ಯತ್ವದ ಬಗ್ಗೆ ಅವರ ಪುಸ್ತಕ ಬಂದದ್ದು 1937ರಲ್ಲಿ. ಅದೇ ವರ್ಷ ಅವರು ನಡೆಸುತ್ತಿದ್ದ ಸಭಾಪಾಲಕರ ತರಬೇತಿ ಶಾಲೆಯನ್ನು ಪೊಲೀಸರು ಮುಚ್ಚಿಸಿದರು. ಆ ಶಾಲೆಯಲ್ಲಿ ವಿದ್ಯಾರ್ಥಿಗಳು ಒಟ್ಟಿಗೆ ಬದುಕುತ್ತಿದ್ದರು, ತಮ್ಮ ತಮ್ಮ ತಪ್ಪನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳುತ್ತಿದ್ದರು. ಚೌಕಿ ಅಂದೆನಲ್ಲ, ಹಾಗೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೆ ಹಾಕಿದರು. ಅವರು ಹೇಳಿದ ಒಂದು ಮಾತು ನಮ್ಮ ಕಡೆ ಜಾಸ್ತಿ ಕೇಳಬೇಕಾದದ್ದು. ಒಳ್ಳೆಯ ಸಭೆಯ ಕನಸನ್ನು ಎದುರಿಗಿರುವ ಸಭೆಗಿಂತ ಹೆಚ್ಚು ಪ್ರೀತಿಸುವವನು ಆ ಸಭೆಯನ್ನೇ ಹಾಳುಮಾಡುತ್ತಾನೆ ಅಂತ. ಮೂರು ವರ್ಷಕ್ಕೊಂದು ಸಭೆ ಬದಲಿಸುವ ನನ್ನ ಗೆಳೆಯನಿಗೆ ಇದನ್ನು ಹೇಳಿದೆ. ಅವನು ನಾಲ್ಕನೆಯದನ್ನು ಹುಡುಕುತ್ತಿದ್ದ.

2020ರ ಮಾರ್ಚ್ ಇಲ್ಲಿನವರಿಗೆ ಮರೆಯುವುದಿಲ್ಲ. ಲಾಕ್‌ಡೌನ್ ಆಯಿತು, ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು. ಮಂಗಳೂರಿಗೆ ಆರಾಧನೆಗೆ ಹೋಗುತ್ತಿದ್ದ ನಮಗೆ ಫೋನೇ ದೇವಾಲಯ ಆಯಿತು. ಅನುಕೂಲ ಇತ್ತು, ಸುಳ್ಳು ಹೇಳುವುದಿಲ್ಲ. ಹಾಸಿಗೆ ಹಿಡಿದ ಅಮ್ಮ ಎಷ್ಟೋ ವರ್ಷದ ನಂತರ ಪೂರ್ತಿ ಆರಾಧನೆ ನೋಡಿದರು. ಗಡಿ ತೆರೆದ ಮೇಲೂ ಕೆಲವರು ಫೋನಿನಲ್ಲೇ ಉಳಿದರು. "ಇಬ್ಬರು ಮೂವರು ನನ್ನ ಹೆಸರಿನಲ್ಲಿ ಸೇರಿದಲ್ಲಿ ನಾನಿದ್ದೇನೆ ಅಂತ ಯೇಸು ಹೇಳಿದ್ದಾನಲ್ಲ, ಸಾಕು" ಅಂತ ವಾದ.

ಆ ವಚನ ಇರುವುದು ಎಲ್ಲಿ ಗೊತ್ತಾ? ಮತ್ತಾಯ 18ರಲ್ಲಿ, ಆಗ ನೆನಪಿಟ್ಟುಕೊಳ್ಳಿ ಅಂದೆನಲ್ಲ. ಅದು ಕೂಟದಲ್ಲಿ ಎಷ್ಟು ತಲೆ ಇರಬೇಕು ಅನ್ನುವ ಲೆಕ್ಕ ಅಲ್ಲ. ಅದರ ಮುಂಚೆ ಬರುವುದು ತಪ್ಪಿಸಿಕೊಂಡ ಕುರಿಯ ಕಥೆ. ಆಮೇಲೆ ಜಗಳ ಬಗೆಹರಿಸುವ ಕ್ರಮ: ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಇದರ ನಂತರವೇ ಇಬ್ಬರು ಮೂವರ ಮಾತು. ಅದಾದ ಮೇಲೆ ಪೇತ್ರ ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳುತ್ತಾನೆ, ಯೇಸು ಸಾಲಗಾರನ ಕಥೆ ಹೇಳುತ್ತಾನೆ. ಸುವಾರ್ತೆಗಳಲ್ಲಿ ಸಭೆ ಅನ್ನುವ ಪದ ಎರಡನೆಯ ಸಲ ಬರುವ ಜಾಗ ಇದು. ಆರಾಧನೆಯ ಬಗ್ಗೆ ಒಂದು ಮಾತಿಲ್ಲ. ಇಬ್ಬರ ಮಧ್ಯೆ ಮುರಿದದ್ದನ್ನು ಕೂಡಿಸುವ ಮಾತು.

ದೊಡ್ಡಮ್ಮನ ಚಾವಡಿಯಲ್ಲಿ ಇದು ನಡೆದದ್ದನ್ನು ನೋಡಿದ್ದೇನೆ. ಕೂಟಕ್ಕೆ ಬರುವ ಇಬ್ಬರು, ಒಬ್ಬರು ಪೈಂಟಿಂಗ್ ಕೆಲಸದವರು, ಇನ್ನೊಬ್ಬರಿಗೆ ಪೇಟೆಯಲ್ಲಿ ಚಿಕ್ಕ ಅಂಗಡಿ. ಪೈಂಟರು ಕುರಿ ಹಿಡಿದಿದ್ದರು. ಇಲ್ಲಿ ಕುರಿ ಅಂದರೆ ಚಿಟ್ ಫಂಡು, ಹೊರಗಿನವರು ಮೇಯುವ ಕುರಿ ಅಂದುಕೊಳ್ಳಬೇಡಿ. ಅಂಗಡಿಯವರು ಜಾಮೀನು ನಿಂತಿದ್ದರು. ಪೈಂಟರು ಕಂತು ಕಟ್ಟಲಿಲ್ಲ, ನಲವತ್ತು ಸಾವಿರ ಅಂಗಡಿಯವರ ತಲೆಗೆ ಬಂತು. ಆಮೇಲೆ ಇಬ್ಬರೂ ಗುರುವಾರ ಬರುತ್ತಿದ್ದರು, ಒಬ್ಬರು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇನ್ನೊಬ್ಬರು ಕಿಟಕಿಯ ಹತ್ತಿರ. ಸ್ತೋತ್ರ ಇಬ್ಬರೂ ಜೋರಾಗಿಯೇ ಹೇಳುತ್ತಿದ್ದರು. ಮೂರನೆಯ ವಾರ ದೊಡ್ಡಮ್ಮ ಚಹಾ ತಂದವರು ಕೊಡಲಿಲ್ಲ. ತಟ್ಟೆ ಮೇಜಿನ ಮೇಲಿಟ್ಟು ಅಂಗಡಿಯವರನ್ನು ಕೇಳಿದರು, "ನೀವು ಇವರ ಮನೆಗೆ ಹೋಗಿ ಒಬ್ಬರೇ ಮಾತಾಡಿದಿರಾ?"

"ಇಲ್ಲ ದೊಡ್ಡಮ್ಮ. ಫೋನ್ ಎತ್ತುವುದಿಲ್ಲ ಅವರು."

"ಫೋನಿನ ವಿಷಯ ನಾನು ಕೇಳಲಿಲ್ಲ."

ಅವರು ಆ ವಾರ ಹೋದರು. ಪೈಂಟರು ಮನೆಯಲ್ಲಿದ್ದೂ ಇಲ್ಲ ಅಂತ ಹೇಳಿಸಿದರು. ಮುಂದಿನ ವಾರ ನನ್ನನ್ನು ಕರೆದುಕೊಂಡು ಹೋದರು. ಆಗ ಕೂರಿಸಿ ನೀರು ಕೊಟ್ಟರು, ಮಗಳ ಫೀಸು, ಮಳೆಗಾಲದಲ್ಲಿ ಕೆಲಸ ಇಲ್ಲದ್ದು, ಎಲ್ಲ ಹೇಳಿದರು. ಆದರೆ ಹಣದ ಮಾತು ಬಂದಾಗ ಗೋಡೆ ನೋಡಿದರು. ಅದರ ಮುಂದಿನ ಗುರುವಾರ ಇಡೀ ಕೂಟದ ಮುಂದೆ ಬಂತು. ಪಾಸ್ಟರ್ ಆ ದಿನ ಇರಲಿಲ್ಲ, ಇದ್ದಿದ್ದರೆ ಪ್ರಾರ್ಥನೆ ಮಾಡಿ ಮುಗಿಸುತ್ತಿದ್ದರೋ ಏನೋ. ಒಂದೂವರೆ ಗಂಟೆ ಕನ್ನಡ, ತುಳು, ಮಲಯಾಳ ಕಲಸಿ ಮಾತು ನಡೆಯಿತು. ಯಾರೋ ಬೈದರು, ಯಾರೋ ಅತ್ತರು. ಒಬ್ಬರು ಎದ್ದು ಪೈಂಟರಿಗೆ ತಮ್ಮ ಮನೆಯ ಗೋಡೆಯ ಕೆಲಸ ಕೊಡುತ್ತೇನೆ ಅಂದರು. ಕೊನೆಗೆ ತಿಂಗಳಿಗೆ ಎರಡು ಸಾವಿರ, ಮೊದಲ ಗುರುವಾರ, ಎಲ್ಲರ ಎದುರಿಗೇ.

ಹಾಡಿನ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ದೊಡ್ಡಮ್ಮ ಕಂತು ಬರೆಯುತ್ತಾರೆ, ತಾರೀಕು ಹಾಕಿ. ಹದಿನಾಲ್ಕು ಗೆರೆ ಆಗಿದೆ. ನಡುವೆ ಜುಲೈ ಇಲ್ಲ, ಮಳೆಗಾಲದಲ್ಲಿ ಪೈಂಟರಿಗೆ ಕೆಲಸ ಇರಲಿಲ್ಲ, ಅಂಗಡಿಯವರೇ "ಈ ತಿಂಗಳು ಬೇಡ, ಬರೆಯಬೇಡಿ" ಅಂದಿದ್ದರು. ಇಬ್ಬರೂ ಈಗ ಒಂದೇ ರಿಕ್ಷಾದಲ್ಲಿ ಬರುತ್ತಾರೆ, ಬಾಡಿಗೆ ಯಾರು ಕೊಡುವುದು ಅಂತ ಗೇಟಿನ ಹತ್ತಿರ ಸಣ್ಣ ಜಗಳ ಕೇಳಿಸುತ್ತದೆ.